ದೇಣಿಗೆಯ ಮೂಲ ಮತದಾರರಿಗೆ ತಿಳಿಯಲಿ

ದಾನಿಯ ಹೆಸರನ್ನು ಗೋಪ್ಯವಾಗಿಟ್ಟು ಸ್ಟೇಟ್ ಬ್ಯಾಂಕಿನ ಮೂಲಕ ರಾಜಕೀಯ ಪಕ್ಷಗಳಿಗೆ ದೇಣಿಗೆ ತಲುಪಿಸುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವು 2024ರ ಫೆಬ್ರುವರಿ 15ರಂದು ರದ್ದುಪಡಿಸಿರುವುದು ಸ್ವಾಗತಾರ್ಹ. ವಿಧಾನಸಭಾ ಚುನಾವಣೆ ನಡೆಯುವ ವರ್ಷಗಳಲ್ಲಿ ಬಾಂಡ್ ಮಾರಾಟಕ್ಕೆ 15 ದಿನಗಳ ಹೆಚ್ಚುವರಿ ಅವಕಾಶವನ್ನು 2022ರ ನವೆಂಬರ್‌ನಲ್ಲಿ ಕಲ್ಪಿಸಲಾಗಿತ್ತು ಎಂಬುದನ್ನು ಗಮನಿಸಿದರೆ, ಈ ಗೋಪ್ಯತೆಯು ರಾಜ್ಯಗಳ ಮತದಾರರ ಮಾಹಿತಿ ಹಕ್ಕಿಗೆ ತಂದ ಧಕ್ಕೆ ಎಷ್ಟು ಗಂಭೀರವಾದುದೆಂಬುದು ಮನದಟ್ಟಾಗುತ್ತದೆ.

ಆದರೆ ಬಾಂಡ್ ರದ್ದಾದ ಮಾತ್ರಕ್ಕೆ ಹಣದ ಜಾಡು ಬಯಲಾಗದು: ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ ರೂಪಾಯಿಯ ಮಿತಿಯಿದ್ದರೂ ಪಕ್ಷದ ವೆಚ್ಚಕ್ಕೆ ಯಾವ ಮಿತಿಯೂ ಇಲ್ಲ, 20 ಸಾವಿರ ರೂಪಾಯಿ ಮೀರದ ದೇಣಿಗೆ ನೀಡಿದವರ ವಿವರವನ್ನು ಚುನಾವಣಾ ಆಯೋಗಕ್ಕೆ ಸಲ್ಲಿಸುವ ಹೊಣೆಯೂ ಪಕ್ಷಗಳಿಗಿಲ್ಲ. ಪಕ್ಷಗಳ ವೆಚ್ಚಕ್ಕೂ ಮಿತಿ ವಿಧಿಸಿ, ದೇಣಿಗೆಗಳ ವಿವರ ಮತದಾನಕ್ಕೆ ಮುನ್ನವೇ ಪ್ರಕಟವಾಗುವಂತೆ ಸಂಸತ್ತು ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ತರಬೇಕು.