ಓಗೊಡದವರೆಲ್ಲ ಗೈರುಹಾಜರಲ್ಲ

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ನೆಟ್‌ವರ್ಕ್ ಪಾಠ ಮಾಡುವಾಗ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶಾಲೆಯ ಲ್ಯಾಬಿನಿಂದ ಎನ್‌ಮ್ಯಾಪ್ ಓಡಿಸಿದೆ. ಲ್ಯಾಬಿನ 12 ಕಂಪ್ಯೂಟರ್‌ಗಳೂ ಪಟ್ಟಿಯಲ್ಲಿ ಬಂದವು. ಬೇರೆ ವಿಲ್ಯಾನ್‌ನಲ್ಲಿದ್ದ ಕಚೇರಿಯದು ಒಂದೂ ಬರಲಿಲ್ಲ. “ಹಾಗಾದರೆ ಕಚೇರಿಯಲ್ಲಿ ಕಂಪ್ಯೂಟರೇ ಇಲ್ವಾ ಮಿಸ್?” ಎಂದಳು ಒಬ್ಬ ಹುಡುಗಿ. ನಕ್ಕು ಮುಂದೆ ಹೋದೆ. ಅಲ್ಲೇ ತಪ್ಪಿದ್ದು.

ಒಂದೇ ಉಪಜಾಲದೊಳಗೆ ಎನ್‌ಮ್ಯಾಪ್ ಎಆರ್‌ಪಿ ಮೂಲಕ ಕೂಗಿ ಕೇಳುತ್ತದೆ. ಆ ಕೂಗು ರೌಟರ್ ದಾಟುವುದಿಲ್ಲ. ಆಚೆಗೆ ಕಳಿಸಿದ ಪಿಂಗನ್ನು ಫೈರ್‌ವಾಲ್ ತಡೆಯಬಹುದು. ನಮ್ಮ ಹಾಜರಿಗೆ ಪಕ್ಕದ ತರಗತಿಯವರು ಓಗೊಡದಿದ್ದರೆ ಅವರು ಶಾಲೆಗೇ ಬಂದಿಲ್ಲ ಎಂದು ಬರೆಯುತ್ತೇವೆಯೇ?

ಹಾಗಾಗಿ ನನ್ನ ಅಭಿಪ್ರಾಯ: ಪಾಠಯೋಜನೆಯಲ್ಲಿ ಅನುಮತಿ ಮೊದಲ ಹಂತವಾಗಲಿ. ಬಳಿಕ ಮಕ್ಕಳೇ ಶಾಲೆಯ ಜಾಲದ ನಕ್ಷೆ ಬಿಡಿಸಲಿ; ಉಪಕರಣ ಓಡುವುದು ಆಮೇಲೆ. ನಕ್ಷೆಗೂ ಪಟ್ಟಿಗೂ ಇರುವ ವ್ಯತ್ಯಾಸವೇ ನಿಜವಾದ ಪಾಠ.