ರಜೆಯವರೆಗೆ ಹಲ್ಲು ಕಾಯುವುದಿಲ್ಲ



ಗಲ್ಫ್ ದೇಶಗಳಲ್ಲಿ ದುಡಿಯುವ ನಮ್ಮ ಮಕ್ಕಳು ಒಂದು ತಿಂಗಳ ರಜೆಗೆ ಊರಿಗೆ ಬಂದಾಗ ಆ ತಿಂಗಳು ಹೇಗೆ ಕಳೆಯುತ್ತದೆಂದು ನೀವೆಲ್ಲರೂ ನೋಡಿದ್ದೀರಿ. ಮೊದಲ ವಾರ ಬಂದವರನ್ನು ಮಾತಾಡಿಸುವುದು, ತಂದ ಸಾಮಾನು ಹಂಚುವುದು. ಎರಡನೆಯ ವಾರ ನೆಂಟರ ಮನೆ. ಮೂರನೆಯ ವಾರ ಕೊಂಡ ಐದು ಸೆಂಟು ಜಾಗದ ಕಾಗದ ಪತ್ರಕ್ಕಾಗಿ ಕಚೇರಿಗೆ ಅಲೆಯುವುದು. ನಾಲ್ಕನೆಯ ವಾರ, ಇನ್ನೇನು ಪೆಟ್ಟಿಗೆ ಕಟ್ಟಬೇಕು ಎನ್ನುವಾಗ, ಕೆನ್ನೆಗೆ ಕೈ ಹಿಡಿದುಕೊಂಡು ಹಲ್ಲಿನ ಡಾಕ್ಟರರ ಬಾಗಿಲಿಗೆ ಓಡುವುದು. ಎರಡು ವರ್ಷದಿಂದ ಸಹಿಸಿಕೊಂಡು ಬಂದ ಹಲ್ಲನ್ನು ಐದು ದಿನದಲ್ಲಿ ಸರಿ ಮಾಡಿಕೊಡಿ ಎಂದರೆ ಅವರಾದರೂ ಏನು ಮಾಡಿಯಾರು?

ಈ ಪದ್ಧತಿ ತಪ್ಪು ಎಂದು ನಾನು ಬರೆಯುತ್ತಿದ್ದೇನೆ. ಬರೆಯುವುದಕ್ಕೆ ನನಗೆ ಎಷ್ಟು ಯೋಗ್ಯತೆ ಇದೆಯೋ ಓದಿ ನೋಡಿ ನೀವೇ ತೀರ್ಮಾನಿಸಿ.

ತೋಟದ ಡಿಸ್ಪೆನ್ಸರಿಯಲ್ಲಿ ನಾನು ಇಪ್ಪತ್ತಮೂರು ವರ್ಷ ಡ್ರೆಸ್ಸರ್ ಆಗಿದ್ದವನು. ನನ್ನ ಅಕ್ಕನ ಮಗ ದುಬೈಯ ಒಂದು ಗೋದಾಮಿನಲ್ಲಿ ಮೂಟೆ ಇಳಿಸುವ ಕೆಲಸದಲ್ಲಿದ್ದ. 2022ರ ಮಾರ್ಚಿಯಲ್ಲಿ ಒಂದು ರಾತ್ರಿ ಫೋನು ಮಾಡಿದ. "ಮಾವ, ಕೆಳಗಿನ ದವಡೆ ಹಲ್ಲು ಮಲಗಲು ಬಿಡುವುದಿಲ್ಲ. ಇಲ್ಲಿ ತೋರಿಸಿದೆ. ಬೇರಿನ ಚಿಕಿತ್ಸೆ ಮಾಡಿ ಕ್ಯಾಪು ಹಾಕಬೇಕಂತೆ. ಅವರು ಹೇಳಿದ್ದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಅಷ್ಟು ಕೊಟ್ಟರೆ ಆ ತಿಂಗಳು ಮನೆಗೆ ಏನು ಕಳಿಸಲಿ?"

ನಾನು ಏನು ಹೇಳಿದೆ ಗೊತ್ತೇ? "ಡಿಸೆಂಬರಿಗೆ ಹೇಗೂ ಬರುತ್ತೀಯಲ್ಲ, ಇಲ್ಲಿ ಕಾಲು ಭಾಗ ದುಡ್ಡಿಗೆ ಆಗುತ್ತದೆ, ಅಲ್ಲಿಯವರೆಗೆ ಲವಂಗದೆಣ್ಣೆ ಇಟ್ಟುಕೋ" ಎಂದೆ. ಬುದ್ಧಿವಂತಿಕೆಯ ಮಾತು ಹೇಳಿದೆನೆಂದು ಅಕ್ಕನೂ ಸಂತೋಷಪಟ್ಟಳು.

ಮೂರು ವಾರ ಕಳೆದ ಮೇಲೆ ಹುಡುಗ ಮತ್ತೆ ಫೋನು ಮಾಡಿ, ನೋವು ಪೂರ್ತಿ ಹೋಯಿತು ಎಂದ. ನಾವೆಲ್ಲರೂ ದೇವರಿಗೆ ಸ್ತೋತ್ರ ಹೇಳಿದೆವು. ನನಗಾದರೂ ಅಲ್ಲಿಯೇ ಅನುಮಾನ ಬರಬೇಕಾಗಿತ್ತು. ಹಲ್ಲಿನ ಒಳಗೆ ನರವೂ ರಕ್ತನಾಳವೂ ಸೇರಿದ ಮೆತ್ತನೆಯ ತಿರುಳು ಇರುತ್ತದೆ. ಹುಳುಕು ಅದನ್ನು ಮುಟ್ಟಿದಾಗ ತಿರುಳು ಊದಿಕೊಳ್ಳುತ್ತದೆ. ಸುತ್ತಲೂ ಕಲ್ಲಿನಂಥ ಗೋಡೆ ಇರುವುದರಿಂದ ಊದಲು ಜಾಗವಿಲ್ಲ. ಆದ್ದರಿಂದಲೇ ಆ ಪ್ರಾಣ ಹೋಗುವಂಥ ನೋವು, ತಲೆ ತಗ್ಗಿಸಿ ಮಲಗಿದರೆ ಇನ್ನೂ ಹೆಚ್ಚು. ಚಿಕಿತ್ಸೆ ಮಾಡದೆ ಬಿಟ್ಟರೆ ಕೆಲವು ದಿನಗಳಲ್ಲಿ ತಿರುಳು ಸಾಯುತ್ತದೆ. ಸತ್ತ ನರಕ್ಕೆ ನೋವಿಲ್ಲ. ವಾಸಿಯಾಯಿತೆಂದು ನಾವು ತಿಳಿಯುತ್ತೇವೆ. ಒಳಗೆ ಸೋಂಕು ಬೇರಿನ ತುದಿಯಿಂದ ದವಡೆಯ ಎಲುಬಿಗೆ ಇಳಿದು ಕೀವಾಗುತ್ತಿರುತ್ತದೆ. ಇದು ಗೊತ್ತಿಲ್ಲದ ಸಂಗತಿಯಲ್ಲ. ನನ್ನ ಮನಸ್ಸು ಮಾತ್ರ ದುಡ್ಡಿನ ಲೆಕ್ಕದಲ್ಲಿತ್ತು.

ಆಗಸ್ಟಿನಲ್ಲಿ ಅವನ ದವಡೆಯ ಕೆಳಗೆ ಬಾವು ಬಂತು. ಮೊದಲ ದಿನ ನಿಂಬೆಹಣ್ಣಿನಷ್ಟು, ಎರಡನೆಯ ದಿನ ಕುತ್ತಿಗೆಯ ಎರಡೂ ಪಕ್ಕ. ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ, ನಾಲಿಗೆ ಮೇಲಕ್ಕೆ ಎದ್ದಿತು, ಉಗುಳು ನುಂಗಲು ಆಗಲಿಲ್ಲ. ಕೋಣೆಯಲ್ಲಿದ್ದ ಜೊತೆಗಾರರು, ಒಬ್ಬ ಮಲೆಯಾಳಿ, ಒಬ್ಬ ನೇಪಾಳಿ, ರಾತ್ರಿ ಹನ್ನೊಂದಕ್ಕೆ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಬೆಳಗಿನವರೆಗೆ ಬಿಟ್ಟಿದ್ದರೆ ಉಸಿರು ಕಟ್ಟುತ್ತಿತ್ತು ಎಂದರಂತೆ ಅಲ್ಲಿನವರು. ದವಡೆಯ ಕೆಳಗೆ ಕೊಯ್ದು ಕೀವು ತೆಗೆದು, ಆ ಹಲ್ಲನ್ನೂ ಪಕ್ಕದ ಹಲ್ಲನ್ನೂ ಕಿತ್ತರು. ಹನ್ನೊಂದು ದಿನ ಆಸ್ಪತ್ರೆ. ಹುಡುಗ ಬದುಕಿದ. ಕುತ್ತಿಗೆಯ ಗಾಯದ ಗುರುತು ಇಂದಿಗೂ ಇದೆ, ನಾನು ಅವನ ಮುಖ ನೋಡುವಾಗ ಮೊದಲು ಕಾಣುವುದು ಅದೇ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಹಿರಿಯರು ಮುಪ್ಪಿನ ಬಗ್ಗೆ ಹೇಳಿದರು. ನಮ್ಮ ಮಕ್ಕಳಿಗೆ ಅದು ಮೂವತ್ತನೆಯ ವಯಸ್ಸಿಗೇ ಬಂದಿದೆ.

ಇನ್ನು ಅವರನ್ನು ಕಾಯುವಂತೆ ಮಾಡುವವರು ಯಾರು? ಅಲ್ಲಿ ದುಬಾರಿ ಎನ್ನುವುದು ನಿಜವೇ. ಒಂದು ದಿರ್ಹಮ್ ಇಪ್ಪತ್ತು ರೂಪಾಯಿಗೂ ಮೇಲೆ. ಹುಡುಗ ಪ್ರತಿಯೊಂದು ಬಿಲ್ಲನ್ನೂ ರೂಪಾಯಿಗೆ ತಿರುಗಿಸಿ ನೋಡುತ್ತಾನೆ, ನೋಡಿ ಹೆದರುತ್ತಾನೆ. ಆದರೆ ಅವನು ಹೆದರುವುದು ಬಿಲ್ಲಿಗೆ ಮಾತ್ರವಲ್ಲ. ತಿಂಗಳ ಐದನೆಯ ತಾರೀಕಿಗೆ ದುಡ್ಡು ಬಾರದಿದ್ದರೆ ನಾವು ಮಾಡುವ ಫೋನಿಗೆ ಹೆದರುತ್ತಾನೆ. ತಂಗಿಯ ಮದುವೆ ಸಾಲ, ವೀಸಾಕ್ಕೆ ಮಾಡಿದ ಸಾಲ, ಚೀಟಿ ದುಡ್ಡು, ಇವೆಲ್ಲಕ್ಕೂ ನಮ್ಮ ಬಳಿ ಪಟ್ಟಿ ಉಂಟು. ಆ ಪಟ್ಟಿಯಲ್ಲಿ ಅವನ ಬಾಯಿ ಇಲ್ಲ. ನನಗೆ ಗೊತ್ತಿರುವ ಒಬ್ಬ ತಾಯಿ ಮಾತ್ರ, "ಈ ತಿಂಗಳು ಕಳಿಸಬೇಡ, ಮೊದಲು ಹಲ್ಲು ತೋರಿಸು" ಎಂದು ಮಗನಿಗೆ ಹೇಳಿದವಳು. ಅವಳು ತೋಟದಲ್ಲಿ ಚಹಾ ಸೊಪ್ಪು ಕೀಳುವ ಹೆಂಗಸು, ಓದಿದವಳಲ್ಲ.

ಇನ್ಶೂರೆನ್ಸಿನಲ್ಲಿ ಹಲ್ಲು ಸೇರುವುದೇ ಇಲ್ಲ ಎಂಬ ಮಾತು ನಮ್ಮವರಲ್ಲಿ ಹರಡಿದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದುಬೈಯಲ್ಲಿ 2013ರ ಕಾನೂನಿನಂತೆ ಕೆಲಸಗಾರನ ಆರೋಗ್ಯ ವಿಮೆಯ ಹಣವನ್ನು ಕೊಡಬೇಕಾದವನು ಯಜಮಾನ; ಅದನ್ನು ಸಂಬಳದಿಂದ ಹಿಡಿಯುವಂತಿಲ್ಲ. ಕಡಿಮೆ ಸಂಬಳದವರಿಗೆ ಇರುವ ಮೂಲ ವಿಮೆಯಲ್ಲಿ ಹಲ್ಲಿನ ಎಲ್ಲ ಕೆಲಸವೂ ಸೇರುವುದಿಲ್ಲ, ಆದರೆ ತುರ್ತು ಸ್ಥಿತಿ ಬಂದರೆ ಚಿಕಿತ್ಸೆ ಉಂಟು, ರೋಗಿ ಖರ್ಚಿನ ಒಂದು ಪಾಲು ಕೊಡಬೇಕು. ಸೌದಿಯಲ್ಲಿ ಯಜಮಾನ ಕೊಡಿಸಲೇಬೇಕಾದ ವಿಮೆಯಲ್ಲಿ ಒಂದು ಮಿತಿಯೊಳಗೆ ಹಲ್ಲಿನ ಚಿಕಿತ್ಸೆಯೂ ಇದೆ. ಅಲ್ಲಿರುವ ನಮ್ಮವರಲ್ಲಿ ಎಷ್ಟು ಮಂದಿ ಅದನ್ನು ಕೇಳಿ ಪಡೆದಿದ್ದಾರೆ? ಕುವೈತಿನಲ್ಲಿ 2017ರ ಅಕ್ಟೋಬರಿನಲ್ಲಿ ಪರದೇಶದವರಿಗೆ ಸರಕಾರಿ ಆಸ್ಪತ್ರೆಯ ಶುಲ್ಕಗಳನ್ನು ಏರಿಸಿದರು, ಅಂದಿನಿಂದ ಅಲ್ಲಿರುವವರ ಹಿಂಜರಿಕೆ ಹೆಚ್ಚಾಯಿತು. ಒಟ್ಟಿನಲ್ಲಿ ಕಾರ್ಡನ್ನು ಪರ್ಸಿನಲ್ಲಿ ಮಡಚಿಟ್ಟುಕೊಂಡು ಓಡಾಡುವುದರಿಂದ ಪ್ರಯೋಜನವಿಲ್ಲ. ಯಾವ ಕ್ಲಿನಿಕ್ಕಿಗೆ ಹೋಗಬಹುದು, ಯಾವುದಕ್ಕೆ ಎಷ್ಟು ಎಂದು ನೋವಿಲ್ಲದ ದಿನ ಕೇಳಿ ತಿಳಿದಿರಬೇಕು.

ಕೆಲಸ ಹೋಗುತ್ತದೆ, ದಿನದ ಕೂಲಿ ಹೋಗುತ್ತದೆ ಎನ್ನುವ ಭಯವೂ ಇದೆ. ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ 2022ರ ಫೆಬ್ರವರಿಯಿಂದ ಜಾರಿಗೆ ಬಂದ ಕಾರ್ಮಿಕ ಕಾನೂನಿನಲ್ಲಿ, ಪ್ರೊಬೇಷನ್ ಮುಗಿದವನಿಗೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಉಂಟು. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದಕ್ಕೆ ಸಂಬಳವಿಲ್ಲ. ಮೂರು ದಿನದೊಳಗೆ ಯಜಮಾನನಿಗೆ ತಿಳಿಸಿ ಡಾಕ್ಟರರ ಚೀಟಿ ಕೊಡಬೇಕು. ಮನೆಗೆಲಸಕ್ಕೆ ಹೋದ ನಮ್ಮ ಹೆಣ್ಣುಮಕ್ಕಳಿಗೆ ಬೇರೆ ಕಾನೂನು, ರಜೆ ಅದಕ್ಕಿಂತ ಕಡಿಮೆ, ಆದರೂ ಉಂಟು. ಹಾಜರಿ ಪುಸ್ತಕದ ಮುಂದೆ ನಿಂತು ನಮ್ಮ ಹಕ್ಕು ಕೇಳಿ ಪಡೆದವರು ನಾವು. ಮಕ್ಕಳು ಸಮುದ್ರ ದಾಟಿದ ಕೂಡಲೇ ಅದನ್ನು ಮರೆಯಬೇಕೆ?

ಬೇರಿನ ಚಿಕಿತ್ಸೆಗೆ ದುಡ್ಡು ಇಲ್ಲವೇ ಇಲ್ಲ ಎಂದಾದರೆ ಏನು ಮಾಡುವುದು? ಅಲ್ಲಿಯೇ ಕೀಳಿಸಿಬಿಡಲಿ. ಇದಕ್ಕೆ ನೀವು ಒಪ್ಪಲಿಕ್ಕಿಲ್ಲ. ಉಳಿಸಬಹುದಾದ ಹಲ್ಲನ್ನು ಕೀಳಿಸುವುದು ನನಗೂ ಸಂಕಟವೇ. ಆದರೆ ಕೀಳಿಸುವ ಖರ್ಚು ಬೇರಿನ ಚಿಕಿತ್ಸೆ ಮತ್ತು ಕ್ಯಾಪಿನ ಖರ್ಚಿಗಿಂತ ಎಷ್ಟೋ ಕಡಿಮೆ, ಸೋಂಕಿನ ಮೂಲವೂ ಹೋಗುತ್ತದೆ. ಆಂಟಿಬಯಾಟಿಕ್ ಮಾತ್ರೆ ನುಂಗಿ ದಿನ ತಳ್ಳುವುದು ಬೇಡ. ಮಾತ್ರೆ ಕೀವನ್ನು ಸ್ವಲ್ಪ ದಿನ ಅಡಗಿಸುತ್ತದೆ, ಹಲ್ಲಿನೊಳಗಿನ ಸತ್ತ ತಿರುಳಿಗೆ ಅದು ತಲುಪುವುದೇ ಇಲ್ಲ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿ ಇಡುವ ಅಭ್ಯಾಸವೂ ಬೇಡ, ಒಸಡು ಸುಟ್ಟುಹೋಗುತ್ತದೆ.

ಇಲ್ಲಿಂದ ಮಾತ್ರೆ ಕಳಿಸುವವರಿಗೆ ಒಂದು ಮಾತು. ಟ್ರಮಡಾಲ್, ಕೊಡೀನ್ ಬೆರೆತ ನೋವಿನ ಮಾತ್ರೆಗಳು ಎಮಿರೇಟ್ಸಿನಲ್ಲಿ ನಿಯಂತ್ರಣದಲ್ಲಿರುವ ಔಷಧಿಗಳು. ಡಾಕ್ಟರರ ಚೀಟಿ ಮತ್ತು ಅಲ್ಲಿನ ಸರಕಾರದ ಅನುಮತಿ ಇಲ್ಲದೆ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಜೈಲು ಕಾಣಬೇಕಾದೀತು. ಹಲ್ಲು ನೋವಿಗೆಂದು ಊರಿನ ಔಷಧಿ ಅಂಗಡಿಯಲ್ಲಿ ಹೆಸರು ನೋಡದೆ ಕೊಂಡು, ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವುದನ್ನು ನಿಲ್ಲಿಸಿರಿ.

ಈಗ ಮುಖ್ಯ ಮಾತು. ಈ ತೊಂದರೆಯ ಬೇರು ಅಲ್ಲಿಲ್ಲ, ನಮ್ಮ ಲೈನ್ ಮನೆಯಲ್ಲಿದೆ. 1951ರ ತೋಟ ಕಾರ್ಮಿಕರ ಕಾಯಿದೆ ಬಂದ ಮೇಲೆ ತೋಟಗಳಲ್ಲಿ ಡಿಸ್ಪೆನ್ಸರಿ, ಆಸ್ಪತ್ರೆಗಳಾದವು. ಜ್ವರಕ್ಕೆ, ಹೆರಿಗೆಗೆ, ಕತ್ತಿ ಗಾಯಕ್ಕೆ ಆಸರೆ ಸಿಕ್ಕಿತು. ಹಲ್ಲು ನೋಡುವ ಕುರ್ಚಿ ಮಾತ್ರ ನಾನು ಕಂಡ ಯಾವ ತೋಟದಲ್ಲಿಯೂ ಇರಲಿಲ್ಲ. ಆದ್ದರಿಂದ ನಮಗೆ ಹಲ್ಲು ಎಂದರೆ ನೋಯುವವರೆಗೆ ನೆನಪಿಲ್ಲ, ನೊಂದ ಮೇಲೆ ಕೀಳಿಸುವುದು. ಈ ಬಾಯಿಯನ್ನೇ ಹೊತ್ತು ಮಕ್ಕಳು ವಿಮಾನ ಹತ್ತುತ್ತಾರೆ. ವೀಸಾಕ್ಕೆ ಮುಂಚೆ ಮೆಡಿಕಲ್ ಆಯಿತಲ್ಲ ಎನ್ನುತ್ತೀರಿ. ಹಿಂದೆ ಗಾಮ್ಕಾ ಎಂದು ಕರೆಯುತ್ತಿದ್ದ, ಈಗ ವಾಫಿದ್ ಎನ್ನುವ ಆ ತಪಾಸಣೆ ಕ್ಷಯ, ಕಾಮಾಲೆಯ ಸೋಂಕು, ಎಚ್‌ಐವಿ ಮುಂತಾದವನ್ನು ಹುಡುಕುವುದಕ್ಕೆ ಇರುವುದು. ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಮುಗಿಸಿ 'ಫಿಟ್' ಎಂದು ಬರೆದುಕೊಟ್ಟರೆ ಹುಳುಕು ಹಲ್ಲೂ ಫಿಟ್ ಆಯಿತೆಂದು ಅರ್ಥವಲ್ಲ. ಏಜೆಂಟನಿಗೆ ಲಕ್ಷಗಟ್ಟಲೆ ಎಣಿಸಿ ಕೊಡುವ ನಾವು ಹೋಗುವ ಮುಂಚೆ ನಾಲ್ಕು ಹಲ್ಲು ತುಂಬಿಸಲು ಲೆಕ್ಕ ನೋಡುತ್ತೇವೆ. ಪಕ್ಕಕ್ಕೆ ಬೆಳೆದ ಬುದ್ಧಿಹಲ್ಲನ್ನೂ ಹೋಗುವ ಮುಂಚೆ ತೋರಿಸಬೇಕು. ಇಪ್ಪತ್ತು ಇಪ್ಪತ್ತೈದರ ವಯಸ್ಸಿನಲ್ಲಿ, ಅಂದರೆ ಸರಿಯಾಗಿ ಪರದೇಶಕ್ಕೆ ಹೋಗುವ ವಯಸ್ಸಿನಲ್ಲಿ, ತೊಂದರೆ ಕೊಡುವ ಹಲ್ಲು ಅದು.

ಹಾಗೆಯೇ ಬಾಯಿ ಕೂಡ. ಎಲೆ, ಅಡಿಕೆ, ಹೊಗೆಸೊಪ್ಪು ನಮ್ಮಲ್ಲಿ ಗಂಡಸರು ಹೆಂಗಸರು ಎನ್ನದೆ ಇದೆ. ದುಬೈಯಲ್ಲಿ ಪಾನ್ ಮಾರುವುದು ನಿಷಿದ್ಧ, ಆದರೂ ಕದ್ದು ಒಯ್ಯುತ್ತಾರೆ. ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು, ದಿನದಿಂದ ದಿನಕ್ಕೆ ಕಡಿಮೆ ತೆರೆಯುವ ಬಾಯಿ, ಇವನ್ನು ಹಲ್ಲಿನ ಡಾಕ್ಟರರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಅದರ ವಿಷಯ ಇನ್ನೊಂದು ಸಲ ಬರೆಯುವೆ.

ರಜೆಗೆ ಬಂದವನು ಹಲ್ಲಿನ ಕೆಲಸ ಮಾಡಿಸಬಾರದೆಂದು ನಾನು ಹೇಳುವುದಿಲ್ಲ. ಬಂದ ಮರುದಿನವೇ ಹೋಗಲಿ ಎನ್ನುತ್ತೇನೆ. ಬೇರಿನ ಚಿಕಿತ್ಸೆಗೆ ಒಂದೆರಡು, ಕೆಲವೊಮ್ಮೆ ಮೂರು ಭೇಟಿ ಬೇಕು. ಕ್ಯಾಪಿಗೆ ಅಳತೆ ಕೊಟ್ಟು ಮತ್ತೆ ಕೆಲವು ದಿನ. ತಿಂಗಳಲ್ಲಿ ಇಷ್ಟು ಮುಗಿಯುತ್ತದೆ. ಎಲುಬಿಗೆ ತಿರುಪು ಹಾಕಿ ಹಲ್ಲು ಕೂರಿಸುವ ಇಂಪ್ಲಾಂಟ್ ಸಾಮಾನ್ಯವಾಗಿ ಒಂದು ರಜೆಯ ಕೆಲಸವಲ್ಲ, ಎಲುಬು ಕೂಡಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಹಲ್ಲು ಕಿತ್ತ ವಾರದಲ್ಲೇ ಕಟ್ಟಿಸಿದ ಸೆಟ್ಟು, ಒಸಡು ಇಳಿದ ಮೇಲೆ ಸಡಿಲವಾಗುತ್ತದೆ. "ಇಪ್ಪತ್ತು ದಿನದಲ್ಲಿ ಬಾಯಿ ಪೂರ್ತಿ ಹೊಸದು" ಎಂದು ಹೇಳುವವರ ಹತ್ತಿರ, ಆರು ತಿಂಗಳ ಮೇಲೆ ತೊಂದರೆಯಾದರೆ ನೋಡುವವರು ಯಾರು ಎಂದು ಕೇಳಿರಿ. ಗಲ್ಫಿನವನೆಂದು ತಿಳಿದ ಕೂಡಲೇ ಗಟ್ಟಿ ಹಲ್ಲಿಗೂ ಕ್ಯಾಪು ಹಾಕುವವರು ಇದ್ದಾರೆ, ಆ ಮಾತನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ. ಅರ್ಧ ಮಾಡಿದ ಹಲ್ಲಿನೊಂದಿಗೆ ವಿಮಾನ ಹತ್ತಿದವರಿಗೆ, ಮೇಲೆ ಗಾಳಿಯ ಒತ್ತಡ ಇಳಿದಾಗ ಹಲ್ಲಿನೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಎಂಥ ನೋವು ಕೊಡುತ್ತದೆಂದು ಅನುಭವಿಸಿದವರು ಹೇಳಲಿ. ಏನೇ ಮಾಡಿಸಿದರೂ ಎಕ್ಸ್‌ರೇಯನ್ನೂ, ಯಾವ ಹಲ್ಲಿಗೆ ಏನು ಮಾಡಿದರೆಂಬ ಚೀಟಿಯನ್ನೂ ಕೇಳಿ ಪಡೆದು ಜೊತೆಗೆ ಒಯ್ಯಬೇಕು. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೂ ಆಯಿತು.

ಅಕ್ಕನ ಮಗ ಈಗ ಮತ್ತೆ ದುಬೈಯಲ್ಲಿಯೇ ಇದ್ದಾನೆ. ಅವನ ತಂಗಿ ಕುವೈತಿಗೆ ಹೊರಟಿದ್ದಾಳೆ, ಮನೆಗೆಲಸಕ್ಕೆ. ವೀಸಾ ಇನ್ನೂ ಬಂದಿಲ್ಲ. ಕಳೆದ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ತಾಮರಶ್ಶೇರಿ ಘಾಟಿ ಇಳಿದು ಅವಳನ್ನು ಕೋಳಿಕ್ಕೋಡಿನ ಸರಕಾರಿ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆ. ಚೀಟಿ ಮಾಡಿಸಿ ಮಧ್ಯಾಹ್ನದವರೆಗೆ ಬೆಂಚಿನಲ್ಲಿ ಕೂತೆವು. ಎರಡು ಹಲ್ಲು ತುಂಬಿಸಿದ್ದಾರೆ. ಒಂದು ದವಡೆ ಹಲ್ಲಿಗೆ ಬೇರಿನ ಚಿಕಿತ್ಸೆ ಬೇಕಂತೆ, ಅದಕ್ಕೆ ಮುಂದಿನ ಗುರುವಾರ ಬರಲು ಹೇಳಿದ್ದಾರೆ. ಏಜೆಂಟನು ಆ ದಿನ ಕಾಗದಕ್ಕೆ ಸಹಿ ಹಾಕಲು ಕರೆದಿದ್ದ. ಶುಕ್ರವಾರ ಬರುತ್ತೇವೆಂದು ಅವನಿಗೆ ಹೇಳಿದ್ದೇನೆ.