ಕೊಳಗದ ಲೆಕ್ಕ ಕೇಳಿದ ಶಾಸಕ

ಮಾರ್ಚ್ 14 ಬಂದರೆ ಮಲೆನಾಡಿನಲ್ಲಿ ಶಾಂತವೇರಿ ಗೋಪಾಲಗೌಡರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಹಾರ ಹಾಕುವವರಲ್ಲಿ ಎಲ್ಲ ಪಕ್ಷಗಳ ಶಾಸಕರೂ ಇರುತ್ತಾರೆ. ಅವರು ಸರಳರು, ಪ್ರಾಮಾಣಿಕರು, ದುಡ್ಡಿಲ್ಲದೆ ಚುನಾವಣೆ ಗೆದ್ದವರು ಎಂಬ ಮಾತುಗಳು ಕ್ರಮವಾಗಿ ಬಂದು ಹೋಗುತ್ತವೆ. ಆ ಮನುಷ್ಯ ಶಾಸನಸಭೆಯೊಳಗೆ ಕುಳಿತು ಮಾಡಿದ್ದೇನು ಎಂಬುದನ್ನು ಮಾತ್ರ ಯಾವ ಭಾಷಣಕಾರನೂ ಮುಟ್ಟುವುದಿಲ್ಲ. ಮುಟ್ಟಿದರೆ ತನ್ನ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ ಎಂಬ ಅಳುಕು ವೇದಿಕೆಯ ಮೇಲಿದ್ದವರಿಗೆ ಇಲ್ಲದಿಲ್ಲ.

ಗೋಪಾಲಗೌಡರ ರಾಜಕೀಯ ಜೀವನದ ವಿವರ ಚಿಕ್ಕದು. 1923ರಲ್ಲಿ ಜನನ, 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸೆರೆವಾಸ, 1952ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಶಾಸಕ. 1957ರಲ್ಲಿ ಸೋಲು. 1962 ಮತ್ತು 1967ರಲ್ಲಿ ಮತ್ತೆ ಗೆಲುವು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ಮರಣ. ಮಂತ್ರಿಯಾಗಲಿಲ್ಲ; ಆಡಳಿತ ಪಕ್ಷದ ಸಾಲಿನಲ್ಲಿ ಒಂದು ದಿನವೂ ಕೂರಲಿಲ್ಲ. ಇಂದಿನ ಅಳತೆಗೋಲಿನಲ್ಲಿ ನೋಡಿದರೆ ಇದೊಂದು ವಿಫಲ ಜೀವನ. ಆ ಅಳತೆಗೋಲೇ ಸುಳ್ಳಾಗಿದೆ.

ಅಳತೆಯ ಪ್ರಶ್ನೆಯಿಂದಲೇ ಈ ಜೀವನವೂ ಆರಂಭವಾದದ್ದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಒಡೆಯರಿಗೆ ಗೇಣಿಭತ್ತ ಅಳೆಯುವಾಗ ಬಳಕೆಯಾಗುತ್ತಿದ್ದ ಕೊಳಗ, ನ್ಯಾಯದ ಕೊಳಗಕ್ಕಿಂತ ದೊಡ್ಡದಾಗಿತ್ತು. ಹೊರಗಿನಿಂದ ನೋಡುವವನಿಗೆ ಇದು ಸಣ್ಣ ಸಂಗತಿ. ಆದರೆ ಕಣದಲ್ಲಿ ರಾಶಿಯ ಮುಂದೆ ನಿಂತವನಿಗೆ ಪ್ರತಿ ಕೊಳಗದಲ್ಲಿ ಹೋಗುವ ಹೆಚ್ಚಿನ ಹಿಡಿಗಳೆಂದರೆ ಮಳೆಗಾಲದ ಗಂಜಿ. ಅದರ ಜೊತೆಗೆ ಬಿಟ್ಟಿ ಚಾಕರಿ, ಮೊಳಕಾಲಿನ ಕೆಳಗೆ ಪಂಚೆ ಇಳಿಯಬಾರದೆಂಬ ಕಟ್ಟಳೆ. ಇನ್ನೊಂದು ನಷ್ಟವಿತ್ತು, ಅದನ್ನು ಇತಿಹಾಸಕಾರರು ಅಷ್ಟಾಗಿ ಬರೆದಿಲ್ಲ. ಮುಂದಿನ ವರ್ಷ ಈ ಗದ್ದೆ ತನ್ನ ಕೈಯಲ್ಲಿರುತ್ತದೆಯೇ ಎಂದು ತಿಳಿಯದವನು ಬದು ಗಟ್ಟಿ ಮಾಡುವುದಿಲ್ಲ, ಕಾದಿಗೆ ತೋಡುವುದಿಲ್ಲ, ಸೊಪ್ಪು ಹೊತ್ತು ತಂದು ಮಣ್ಣಿಗೆ ಹಾಕುವುದಿಲ್ಲ. ಮಲೆನಾಡಿನಂತಹ ಇಳಿಜಾರಿನ, ಅತಿಮಳೆಯ ನಾಡಿನಲ್ಲಿ ಹೀಗೆ ಅನಾಥವಾದ ಗದ್ದೆಯ ಮೇಲ್ಮಣ್ಣು ಹೊಳೆಯ ಪಾಲಾಗುತ್ತದೆ. ಅನ್ಯಾಯದ ಗೇಣಿ ಮನುಷ್ಯನನ್ನಷ್ಟೇ ಅಲ್ಲ, ಮಣ್ಣನ್ನೂ ಬಡವಾಗಿಸುತ್ತದೆ.

ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ತಂಡ ತಂಡವಾಗಿ ಗದ್ದೆಗಿಳಿದು ಉತ್ತರು, ಬಂಧಿತರಾದರು. ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಿತು; ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರು. ರಾಮಮನೋಹರ ಲೋಹಿಯಾ ಸ್ವತಃ ಬಂದು ಬಂಧನಕ್ಕೊಳಗಾದರು. ಸತ್ಯಾಗ್ರಹ ನಿಂತಾಗ ಭೂಮಿ ಗೇಣಿದಾರರ ಕೈಗೆ ಬಂದಿರಲಿಲ್ಲ. ಸೋತ ಹೋರಾಟವೆಂದೇ ಹಲವರು ಬಗೆದರು. ಆದರೆ ಮರುವರ್ಷ ಅದೇ ಸೀಮೆಯ ಜನ, ‘ಒಂದು ಓಟು, ಒಂದು ನೋಟು’ ಎಂದು ಕೇಳಿ ಬಂದ ಆ ತರುಣನಿಗೆ ಎರಡನ್ನೂ ಕೊಟ್ಟು ಬೆಂಗಳೂರಿಗೆ ಕಳಿಸಿದರು.

ಸಭೆಯಲ್ಲಿ ಅವರು ಗೇಣಿದಾರನ ಪ್ರಶ್ನೆಯನ್ನು ಕೈಬಿಡಲಿಲ್ಲ. ಆಡಳಿತ ಕನ್ನಡದಲ್ಲಿ ನಡೆಯಬೇಕೆಂದರು; ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕೆಂದು ಒತ್ತಾಯಿಸಿದರು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ. ಎರಡನ್ನೂ ನೋಡಲು ಗೋಪಾಲಗೌಡರು ಉಳಿದಿರಲಿಲ್ಲ. ಕಾನೂನು ಮಾಡಿದ ಕೀರ್ತಿ ಅರಸರಿಗೆ ಸಲ್ಲತಕ್ಕದ್ದೇ. ಆದರೆ ಅಧಿಕಾರದಲ್ಲಿದ್ದವರು ಮರೆಯಲು ಬಯಸಿದ ಪ್ರಶ್ನೆಯೊಂದನ್ನು ಎರಡು ದಶಕ ಮರೆಯಗೊಡದೆ ಇಟ್ಟವರು ವಿರೋಧ ಪಕ್ಷದ ಬೆಂಚಿನಲ್ಲಿದ್ದ ಕೆಲವೇ ಮಂದಿ.

ಇಂದಿನ ಮಲೆನಾಡಿನ ಶಾಸಕರನ್ನು ಪ್ರಶ್ನಿಸಿದರೆ ಸಿಗುವ ಉತ್ತರ ಒಂದೇ: ಆಡಳಿತ ಪಕ್ಷದಲ್ಲಿಲ್ಲದಿದ್ದರೆ ಅನುದಾನ ಬರುವುದಿಲ್ಲ. 2019ರ ಜುಲೈಯಲ್ಲಿ ಹದಿನೇಳು ಶಾಸಕರು ಅನರ್ಹರಾಗಿ, ಅವರಲ್ಲಿ ಹಲವರು ಪಕ್ಷ ಬದಲಿಸಿ ಮತ್ತೆ ಗೆದ್ದು ಮಂತ್ರಿಗಳಾದ ಪ್ರಕರಣಕ್ಕೂ ‘ಕ್ಷೇತ್ರದ ಅಭಿವೃದ್ಧಿ’ ಎಂಬ ಇದೇ ಸಮರ್ಥನೆ ಕೇಳಿಬಂತು. ರಸ್ತೆಗೆ ಹಣ ತರುವುದು ತಪ್ಪಲ್ಲ. ಆದರೆ ಆ ಕೆಲಸವನ್ನು ಒಬ್ಬ ಚುರುಕಾದ ಗುತ್ತಿಗೆದಾರನೂ ಮಾಡಿಯಾನು. ಜನ ಒಬ್ಬನನ್ನು ಆರಿಸಿ ಕಳಿಸುವುದು ಕಾನೂನು ಮಾಡುವ ಸಭೆಗೆ.

ಆ ಸಭೆಯಲ್ಲಿ ಮಲೆನಾಡಿನ ಪಾಲಿಗೆ ನಡೆದದ್ದೇನು? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳುವಂತೆ ಮಾಡಲಾಯಿತು. ಕಾಗೋಡಿನ ಹೆಸರಿನಲ್ಲಿ ಭಾಷಣ ಮಾಡಿದವರ ಕೈಗಳೇ ಅದರ ಪರವಾಗಿ ಮೇಲೆದ್ದವು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರ ವ್ಯಾಪ್ತಿಯಲ್ಲಿತ್ತು. ವರದಿಯಲ್ಲಿ ದೋಷಗಳಿಲ್ಲವೆಂದಲ್ಲ, ಊರಿನವರನ್ನು ಕೇಳದೆ ಉಪಗ್ರಹದ ಚಿತ್ರದಿಂದ ಗಡಿ ಎಳೆದದ್ದು ದೊಡ್ಡ ದೋಷವೇ. ಆದರೆ ಅದಕ್ಕೂ ಮೊದಲು, 2011ರಲ್ಲಿ, ಮಾಧವ ಗಾಡ್ಗೀಳರ ಸಮಿತಿ ಎಲ್ಲ ನಿರ್ಧಾರಗಳೂ ಗ್ರಾಮಸಭೆಯಿಂದ ಮೇಲೇರಲಿ ಎಂದಿತ್ತಲ್ಲವೆ? ಆ ಮಾತನ್ನು ಹಿಡಿದು ಸದನದಲ್ಲಿ ಕಾದಾಡಬಹುದಾಗಿದ್ದವರು ಊರೂರಿಗೆ ಹೋಗಿ ‘ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ’ ಎಂದು ಹೆದರಿಸಿದರು. ಹೆದರಿದ ಊರಿಗೆ ರೆಸಾರ್ಟು ಬಂದಾಗ, ಗುಡ್ಡ ಕಡಿದು ಹೆದ್ದಾರಿ ಬಂದಾಗ, ಅದೇ ಬಾಯಿಗಳು ಮುಚ್ಚಿದ್ದವು.

ಶರಾವತಿಯ ಕಥೆ ಇನ್ನೂ ಕಹಿಯಾದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾವಿರಾರು ಕುಟುಂಬಗಳ ಗದ್ದೆ ತೋಟಗಳು ಮುಳುಗಿದವು. ಕಾಡಿನ ನಡುವೆ ತಂದು ಬಿಟ್ಟ ಆ ಜನರಲ್ಲಿ ಹಲವರಿಗೆ ಮೂರನೆಯ ತಲೆಮಾರು ಬಂದರೂ ಹಕ್ಕುಪತ್ರವಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಅನುಮತಿಯಿಲ್ಲದೆ ಆ ಭೂಮಿಯನ್ನು ಕೊಡುವಂತೆಯೂ ಇಲ್ಲ. ಹಿನ್ನೀರಿನ ಆಚೆ ತುಮರಿ ಸೀಮೆಯವರು ಲಾಂಚಿಗೆ ಕಾಯುತ್ತ ಅರವತ್ತು ವರ್ಷ ಕಳೆದರು. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ ಸಾರ್ವಜನಿಕ ಅಹವಾಲು ಸಭೆ ಕರೆಯಲಾಯಿತು. ಒಮ್ಮೆ ನೀರಿಗೆ ಕೊಟ್ಟ ಕಣಿವೆಯನ್ನು ಎರಡನೆಯ ಬಾರಿ ಕೇಳುವಾಗ, ಮೊದಲ ಸಲದ ಬಾಕಿಯನ್ನು ತೀರಿಸಿ ಎನ್ನುವ ದನಿ ಸದನದಿಂದ ಎಷ್ಟು ಬಂತು?

ಗೋಪಾಲಗೌಡರನ್ನು ದೇವರಾಗಿಸುವ ಅಗತ್ಯವೂ ಇಲ್ಲ. ಲಿಂಗನಮಕ್ಕಿ ಕಟ್ಟುವ ಕಾಲದಲ್ಲಿ ಎಲ್ಲ ಪಕ್ಷಗಳಂತೆ ಸಮಾಜವಾದಿಗಳ ಚಿಂತನೆಯಲ್ಲೂ ಕಾಡು, ಹೊಳೆ ಎಂಬವು ಸ್ವತಂತ್ರವಾದ ಪ್ರಶ್ನೆಗಳಾಗಿ ಮೂಡಿರಲಿಲ್ಲ. ‘ಉಳುವವನೇ ಹೊಲದೊಡೆಯ’ ಎಂಬ ನ್ಯಾಯದಲ್ಲಿ ಗೇಣಿಯೂ ಇಲ್ಲದೆ ಕೂಲಿಗೆ ದುಡಿದ ದಲಿತರಿಗೆ ಬಂದ ಪಾಲು ಬಹಳ ಕಡಿಮೆ. ಅವರಲ್ಲಿ ಅನೇಕರು ಕಾಡಂಚಿನ ಬಗರ್ ಹುಕುಂ ಸಾಗುವಳಿಗೆ ಹೋಗಬೇಕಾಯಿತು. ಒಡೆತನ ಸಿಕ್ಕ ಗೇಣಿದಾರನ ಮಕ್ಕಳಲ್ಲಿಯೂ ಕಾನು, ಗೋಮಾಳ, ಸೊಪ್ಪಿನಬೆಟ್ಟಗಳನ್ನು ಅಡಿಕೆತೋಟಕ್ಕೆ ಸೇರಿಸಿಕೊಂಡವರಿದ್ದಾರೆ. ಇದನ್ನು ಹೇಳಿದರೆ ಊರಿನಲ್ಲಿ ಬೇಸರವಾಗುತ್ತದೆ, ಆದರೂ ಹೇಳಬೇಕು: ಶಾಸಕರ ಮೌನಕ್ಕೆ ಊರಿನ ಒತ್ತುವರಿಯೂ ಒಂದು ಆಸರೆ. ಬಡವನ ಎರಡೆಕರೆಯ ಹೆಸರು ಹೇಳಿ ಸಿರಿವಂತನ ಇಪ್ಪತ್ತೆಕರೆಯನ್ನು ರಕ್ಷಿಸುವುದು ಮಲೆನಾಡಿನ ರಾಜಕಾರಣದ ಹಳೆಯ ಚಾಳಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ 75 ವರ್ಷಗಳ ವಾಸದ ಸಾಕ್ಷ್ಯ ಕೇಳಿ ಅರ್ಜಿಗಳು ರಾಶಿ ರಾಶಿಯಾಗಿ ತಿರಸ್ಕೃತವಾದಾಗ, ಈ ಎರಡೆಕರೆಯವನನ್ನೂ ಇಪ್ಪತ್ತೆಕರೆಯವನನ್ನೂ ಬೇರೆ ಮಾಡಿ ನೋಡಿ ಎಂದು ಪಟ್ಟು ಹಿಡಿಯುವ ಶಾಸಕ ಬೇಕಾಗಿತ್ತು.

ಅದೇ ಸಮಾಜವಾದಿ ಗರಡಿಯಿಂದ ಬಂದ ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಮುಖ್ಯಮಂತ್ರಿಗಳಾದರು, ಕಾಗೋಡು ತಿಮ್ಮಪ್ಪ ಸಭಾಧ್ಯಕ್ಷರಾದರು, ಕಂದಾಯ ಮಂತ್ರಿಯೂ ಆದರು. ಅಧಿಕಾರ ಮಲೆನಾಡಿಗೆ ಬಾರದೆ ಹೋಗಲಿಲ್ಲ. ಆದರೂ ಮುಳುಗಡೆಯವರ ಕಡತ ಮೇಜಿನಿಂದ ಮೇಜಿಗೆ ಸಾಗುತ್ತಲೇ ಇದೆ. ‘ಅಧಿಕಾರವಿದ್ದರೆ ಮಾತ್ರ ಕೆಲಸ’ ಎನ್ನುವವರು ಇದಕ್ಕೇನು ಹೇಳುತ್ತಾರೆ?

ವಿಧಾನಸಭೆಯಲ್ಲಿ ಕೇಳಿದ ಪ್ರಶ್ನೆಗಳೂ ಆಡಿದ ಮಾತುಗಳೂ ಸಾರ್ವಜನಿಕ ದಾಖಲೆಗಳು. ಗೋಪಾಲಗೌಡರ ಕಾಲದವು ನಡವಳಿಯ ಸಂಪುಟಗಳಲ್ಲಿವೆ. ಇಂದಿನವನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಬರೆದು ಪಡೆಯಬಹುದು. ಮುಂದಿನ ಮಾರ್ಚ್ 14ರೊಳಗೆ ಪ್ರತಿ ತಾಲ್ಲೂಕಿನ ವಿದ್ಯಾರ್ಥಿಗಳು ತಮ್ಮ ಶಾಸಕರು ಕಾಡು, ಹೊಳೆ, ಹಕ್ಕುಪತ್ರಗಳ ಬಗ್ಗೆ ಸದನದಲ್ಲಿ ಎಷ್ಟು ಸಲ ಬಾಯಿ ತೆರೆದರೆಂಬುದನ್ನು ಬರೆದು ತರಲಿ. ಹಾರ ಹಾಕುವ ಸಭೆಯಲ್ಲಿ, ಶಾಸಕರು ಮೈಕು ಹಿಡಿಯುವ ಮುನ್ನ, ಆ ಹಾಳೆಯನ್ನು ಗಟ್ಟಿಯಾಗಿ ಓದಲಿ.